ನೂರ ಎರಡು ಕೆಜಿಯ ದೀಕ್ಷಾಸ್ನಾನ

ನಮ್ಮಪ್ಪ ನಲವತ್ತು ವರ್ಷ ಕಂಡವರ ಬೀರು, ಮಂಚ, ಫ್ರಿಜ್ಜುಗಳನ್ನು ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿ ಇಳಿಸಿದವರು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದೇ ನಮ್ಮ ಕಸುಬು. ವ್ಯಾನ್ ಓಡಿಸುವವಳು ನಾನು, ಹೊರುವವರು ಅವರು. ಅವರ ಕೈಯಿಂದ ಒಂದು ತರಕಾರಿ ಚೀಲ ಇಸಿದುಕೊಳ್ಳಲು ಹೋದರೂ ಮುಖ ಊದಿಸಿಕೊಳ್ಳುತ್ತಾರೆ. ಇಂಥ ಮನುಷ್ಯನನ್ನು ನಮ್ಮ ಪಾಸ್ಟರು ತಮ್ಮ ಎರಡು ಕಡ್ಡಿ ಕೈಗಳಲ್ಲಿ ನೀರಿಗೆ ಮಲಗಿಸಿ ಎತ್ತಬೇಕಿತ್ತು.

ನಮ್ಮ ಸಭೆಯಲ್ಲಿ ದೀಕ್ಷಾಸ್ನಾನವೆಂದರೆ ತಲೆಗೆ ನೀರು ಚಿಮುಕಿಸುವುದಲ್ಲ, ಪಾಸ್ಟರು ಹಿಡಿದು ಪೂರ್ತಿ ಮುಳುಗಿಸುವುದು; ತಾವಾಗಿ ಮುಳುಗಿದರೆ ಲೆಕ್ಕಕ್ಕಿಲ್ಲ. ವೇದಿಕೆಯ ಹಿಂದೆ ಅದಕ್ಕೆಂದೇ ಒಂದು ತೊಟ್ಟಿಯಿದೆ. ಅಪ್ಪ ಹದಿನಾಲ್ಕು ವರ್ಷ ಆ ತೊಟ್ಟಿ ತೊಳೆದರು, ಬೆಂಚು ಹೊತ್ತರು, ಬಾಗಿಲ ತಿರುಗಣೆಗಳಿಗೆ ಎಣ್ಣೆ ಬಿಟ್ಟರು. ತೊಟ್ಟಿಗೆ ಮಾತ್ರ ಇಳಿಯಲಿಲ್ಲ. ಕೇಳಿದರೆ, "ಇನ್ನೂ ಯೋಗ್ಯತೆ ಬಂದಿಲ್ಲ" ಎನ್ನುವರು. ಅದಕ್ಕೂ ಮುಂಚೆ ಒಂಬತ್ತು ವರ್ಷ ಅವರು ಕುಡಿದು ಮನೆಯನ್ನು ನರಕ ಮಾಡಿದ್ದರು. ಅಮ್ಮ ಎಂದೋ ಕ್ಷಮಿಸಿದ್ದಳು, ಅಪ್ಪ ತಮ್ಮನ್ನು ಕ್ಷಮಿಸಿಕೊಂಡಿರಲಿಲ್ಲ. ಈ ವರ್ಷ ಅಮ್ಮ ಹಟ ಹಿಡಿದು ಹೇಗೋ ಒಪ್ಪಿಸಿದಳು.

ಭಾನುವಾರ ಅಪ್ಪ ಸೊಂಟದ ಮಟ್ಟದ ನೀರಿನಲ್ಲಿ ನಿಂತರು.

"ಕೈ ಎದೆ ಮೇಲೆ ಕಟ್ಕೊಳ್ಳಿ, ಹಿಂದಕ್ಕೆ ಒರಗಿ. ಮಿಕ್ಕಿದ್ದು ನಂಗೆ ಬಿಡಿ," ಎಂದರು ಪಾಸ್ಟರು.

ಅಪ್ಪ ಬಿಟ್ಟರೆ ತಾನೇ! ಮೊದಲ ಸಲ ಮಂಡಿ ಮಡಚಿ ತಾವೇ ಬುಳುಕ್ಕನೆ ಮುಳುಗಿ ಎದ್ದರು. ಎರಡನೇ ಸಲ ತೊಟ್ಟಿಯ ಅಂಚು ಹಿಡಿದುಕೊಂಡರು. ಮೂರನೇ ಸಲ ಪಾಸ್ಟರ ಸೊಂಟಕ್ಕೇ ಕೈಹಾಕಿ ಅವರನ್ನೇ ಮುಳುಗಿಸಿಬಿಟ್ಟರು. ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಅಪ್ಪ ನಗಲಿಲ್ಲ. "ಬಿಡಿ ಪಾಸ್ಟ್ರೇ. ನೂರ ಎರಡು ಕೆಜಿ ಇದೀನಿ, ನಿಮ್ ಕೈಲಾಗಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಅಷ್ಟಕ್ಕೂ ನಾನೇನ್ ಮಾಡಿದೀನಿ ಅಂತ ದೇವರು ನನ್ನ ಹೊರ್ಬೇಕು?" ಎನ್ನುತ್ತ ಮೆಟ್ಟಿಲ ಕಡೆ ತಿರುಗಿದರು. ಈಗ ಹತ್ತಿದರೆ ಈ ಜನ್ಮದಲ್ಲಿ ಮತ್ತೆ ಇಳಿಯುವವರಲ್ಲ ಎಂದು ನನಗೆ ಗೊತ್ತಿತ್ತು. ಟವೆಲ್ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನ ಮುಖ ಬಾಡಿಹೋಯಿತು.

ನನಗೆ ಪಿತ್ತ ನೆತ್ತಿಗೇರಿತು. ಎದ್ದು ತೊಟ್ಟಿಯ ಹತ್ತಿರ ಹೋದೆ.

"ಅಪ್ಪಾ, ಮೆಟ್ಟಿಲಲ್ಲಿ ಬೀರು ಇಳಿಸ್ತಿರುವಾಗ ಅದರ ಬಾಗಿಲು ತೆರ್ಕೊಂಡ್ರೆ ಏನಂತ ಬೈತೀಯ?"

"ಅದೀಗ ಯಾಕೆ?"

"ಹೇಳು."

"ತೆಪ್ಪಗೆ ಬಿದ್ಕೊಂಡಿರೋಕೆ ಏನ್ ರೋಗ ನಿಂಗೆ, ಅಂತೀನಿ. ಅದು ಅಲ್ಲಾಡಿದ್ರೆ ಹೊರೋನ ಕಥೆ ಮುಗೀತು."

"ಬೀರು ನಿಂಗೆ ಸಹಾಯ ಮಾಡ್ಬೇಕಾ?"

"ಅದ್ಯಾಕೆ ಮಾಡುತ್ತೆ? ಹೊರೋದು ನನ್ ಕೆಲಸ."

"ಹಂಗಾದ್ರೆ ಇವತ್ತು ಬೀರು ನೀನು. ತೆಪ್ಪಗೆ ಬಿದ್ಕೋ!"

ಅಮ್ಮ ಕೂತಲ್ಲಿಂದಲೇ ಕೂಗಿದಳು: "ಯೋಗ್ಯತೆ ನೋಡಿ ಕೊಡೋಕೆ ಅದೇನ್ ಸಂಬಳಾನೇನ್ರೀ? ದೇವರು ಸುಮ್ನೆ ಕೊಡ್ತಿದಾನೆ, ತಗೊಳ್ಳಿ!"

ಅಪ್ಪ ಒಂದು ಗಳಿಗೆ ಅಮ್ಮನನ್ನೇ ನೋಡಿದರು. ಮೆಲ್ಲಗೆ ವಾಪಸು ಬಂದು ಕೈಕಟ್ಟಿ, ಕಣ್ಣು ಮುಚ್ಚಿ, ಪಾಸ್ಟರ ಕೈಗಳ ಮೇಲೆ ಹಿಂದಕ್ಕೆ ಒರಗಿದರು. ಅವರ ಪಾದಗಳು ತೊಟ್ಟಿಯ ನೆಲ ಬಿಟ್ಟು ಮೇಲೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನೀರು ಅವರ ಮುಖದ ಮೇಲೆ ಕೂಡಿಕೊಂಡಿತು, ಮತ್ತೆ ಬಿಟ್ಟುಕೊಟ್ಟಿತು. ಜನ ಚಪ್ಪಾಳೆ ತಟ್ಟಿ ಹಾಡು ಎತ್ತಿಕೊಂಡರು.

ಪಾಸ್ಟರು ಅವರನ್ನು ಎತ್ತಿ ನಿಲ್ಲಿಸಲು ಹೊರಟರು. ಅಪ್ಪ ಕಣ್ಣು ತೆರೆಯದೆ, ಬಾಯ್ತುಂಬ ನಗುತ್ತ, ತಲೆಯಾಡಿಸಿದರು.

"ಈಗ್ಲೇ ನಿಲ್ಲಿಸ್ಬೇಡಿ ಪಾಸ್ಟ್ರೇ. ಇನ್ನೊಂದ್ ಸ್ವಲ್ಪ ಹೊತ್ತು ಹಿಂಗೇ ಹಿಡ್ಕೊಂಡಿರಿ."