ತೊಟ್ಟಿಲ ಪದಕ್ಕೆ ಮುಚ್ಚಿಕೊಂಡ ಮೈಕು

ಮಕ್ತಲದ ಗೃಹಪ್ರವೇಶದಲ್ಲಿ ಹಾಡುತ್ತಿದ್ದ ಶಂಕರಮ್ಮನ ದನಿ ನಡುನಡುವೆ ಮಾಯವಾಗತೊಡಗಿದಾಗ ಅವಳ ಗಂಡ ಶ್ರೀರಾಮುಲು ಮೊದಲು ವೈರಿನ ಮೇಲೆ ಅನುಮಾನಪಟ್ಟ. ವೈರು ಬದಲಿಸಿದ. ಮೈಕನ್ನೂ ಬದಲಿಸಿದ. ಹೆಂಡತಿ ಎತ್ತರದ ಸಾಲು ಹಿಡಿದರೆ ಪೆಂಡಾಲಿನ ಕೊನೆಯವರೆಗೂ ಕೇಳುತ್ತಿತ್ತು. ಪದ ಕೆಳಗಿಳಿದು ಮೆತ್ತಗಾದ ಕೂಡಲೇ ಸ್ಪೀಕರಿನಿಂದ ಉಸಿರು ಸಹ ಬರುತ್ತಿರಲಿಲ್ಲ. ಅವಳ ಬಾಯಿ ಮಾತ್ರ ಆಡುತ್ತಿತ್ತು. ಉಣ್ಣಲು ಕೂತ ಮಂದಿ ತಲೆಯೆತ್ತಿ ನೋಡಿದರು, ಒಬ್ಬಿಬ್ಬರು ನಕ್ಕೇಬಿಟ್ಟರು. ಶ್ರೀರಾಮುಲು ದನಿಗಳ ಹದ ಕೂಡಿಸುವ ಹೊಸ ಮಿಕ್ಸರಿನ ಗುಂಡಿಗಳನ್ನು ಒಂದೊಂದಾಗಿ ಸರಿಸಿ ನೋಡಿದ.

ಮೇಳದವರು ಜೀಪಿನಲ್ಲಿ ತಿರುಗಿ ನಾರಾಯಣಪೇಟೆಗೆ ಹೊರಟರು. ಊರು ಹತ್ತಿರ ಬಂದ ಮೇಲೆ ಮುಂದೆ ಕೂತಿದ್ದ ರಾಜಕುಮಾರ ಹಿಂದಕ್ಕೆ ತಿರುಗಿದ. ಕೀಬೋರ್ಡು ಬಾರಿಸುವವನೂ ಅವನೇ, ಕಾರ್ಯಕ್ರಮ ಒಪ್ಪಿಕೊಳ್ಳುವವನೂ ಅವನೇ.

"ಮಾಮ, ಕೆಟ್ಟ ಅನ್ಕೋಬ್ಯಾಡ್ರಿ. ಅತ್ತೀಗ ಈಗ ಉಸುರು ಸಾಲವಲ್ದು. ಮುಂದಿನ ಕಾರ್ಯ ಗದ್ವಾಲದಾಗ ಐತಲ್ಲ, ಅಲ್ಲಿ ನಮ್ಮ ಹುಡುಗಿ ಸ್ರವಂತಿ ಹಾಡ್ಲಿ."

"ಉಸುರಿಗೇನಾಗೈತೋ?" ಅಂದ ಶ್ರೀರಾಮುಲು. "ಮೊನ್ನಿ ತಾಲೀಮಿನಾಗ ಬರೋಬರ್ ಹಾಡಿದಳಲ್ಲ."

"ತಾಲೀಮು ಬ್ಯಾರೆ, ಮಂದಿ ಮುಂದ ಬ್ಯಾರೆ ಮಾಮ."

ಶಂಕರಮ್ಮ ಹಿಂದಿನ ಸೀಟಿನಲ್ಲಿ ತಬಲಾದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೇಳಿಸಿತೆಂದು ಆಕೆಯ ಮುಖವೇ ಹೇಳುತ್ತಿತ್ತು. ಆದರೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಆಕೆಯ ತಾಯಿ ರಾಯಚೂರು ಕಡೆಯವಳು. ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹಾಡುವ ಪದಗಳು ತಾಯಿಯಿಂದ ಮಗಳಿಗೆ ಬಂದಿದ್ದವು. ಅವುಗಳ ಚೆಲುವೆಲ್ಲ ಕೆಳದನಿಯ ಮೆತ್ತನೆಯ ಸಾಲುಗಳಲ್ಲೇ ಇತ್ತು. ಎಷ್ಟೋ ಮನೆಯವರು ಆ ಪದಕ್ಕೆಂದೇ ಇವರ ಮೇಳವನ್ನು ಕರೆಸುತ್ತಿದ್ದರು. ಅದೇ ಹೋದರೆ ಆಕೆಗೆ ಮೇಳದಲ್ಲಿ ಉಳಿಯುವುದೇನು?

ಶ್ರೀರಾಮುಲುವಿಗೆ ಇನ್ನೊಂದು ಸಂಕಟವೂ ಇತ್ತು. ಈ ಮಿಕ್ಸರನ್ನು ಆರಿಸಿದವನು ಅವನೇ. ಹಳೆಯದು ಇಬ್ಬರು ಹೊತ್ತರೂ ಭಾರವಾಗುತ್ತಿತ್ತು, ಮುಟ್ಟಿದರೆ ಕರಕರ ಅನ್ನುತ್ತಿತ್ತು. ಹೈದರಾಬಾದಿನ ಅಂಗಡಿಯಲ್ಲಿ ರಾಜಕುಮಾರ ಮೆಚ್ಚಿದ್ದು ಬರೀ ಒಂದು ಡಬ್ಬಿ. ಅದಕ್ಕೆ ಗುಂಡಿಯೇ ಇರಲಿಲ್ಲ, ಎಲ್ಲವನ್ನೂ ಟ್ಯಾಬಿನಲ್ಲಿ ಮಾಡಬೇಕು. "ಕೈಗೇನರ ಸಿಗಬೇಕಲ್ಲೋ," ಎಂದು ಶ್ರೀರಾಮುಲು ಹಟ ಹಿಡಿದು, ಮೇಲೆ ಕೆಳಗೆ ಸರಿಯುವ ಗುಂಡಿಗಳಿದ್ದ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರಬಹುದಾದಷ್ಟು ಸಣ್ಣದೊಂದನ್ನು ಕೊಡಿಸಿದ್ದ. ಎಕೋ ಅದರೊಳಗೇ ಇತ್ತು. ಒಮ್ಮೆ ಕೂಡಿಸಿದ ಹದವನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು, ಮುಂದಿನ ಊರಿನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ಅದರ ಪುಟ್ಟ ತೆರೆಯ ಮೇಲಿನ ಇಂಗ್ಲಿಷು ಅವನಿಗೆ ಓದಲು ಬರುತ್ತಿರಲಿಲ್ಲ. ಶಂಕರಮ್ಮನ ತಂಗಿಯ ಮಗಳು ಸ್ರವಂತಿ ಓದಿ ಹೇಳುತ್ತಿದ್ದಳು, ಅವನು ಜಾಗ ನೋಡಿ ಗುರುತಿಟ್ಟುಕೊಳ್ಳುತ್ತಿದ್ದ.

ಮನೆಗೆ ಬಂದ ಮೇಲೆ ಶಂಕರಮ್ಮ ಮೆಣಸಿನ ಕಷಾಯ ಕುಡಿಯತೊಡಗಿದಳು. ಎರಡು ದಿನ ಕಳೆದರೂ ಅದನ್ನು ಬಿಡಲಿಲ್ಲ.

"ಡಾಕ್ಟರಿಗೆ ತೋರ್ಸೋಣೇನು?" ಅಂದ ಗಂಡ.

"ಏನಂತ ತೋರಸ್ತೀರಿ? ವಯಸ್ಸಾತು ಅಂತಾನ ಅವ. ದನಿ ಹೋತಂದ್ರ ಹೋತು. ಸೀರಿ ನೇಯಾಕ ದನಿ ಯಾಕ ಬೇಕು?"

ಹಾಗೆ ಅಂದು ಮಗ್ಗಕ್ಕೆ ಕೂತಳು. ಲಾಳಿಯ ಸದ್ದಿನಲ್ಲಿ ಅವಳು ಅತ್ತರೂ ಯಾರಿಗೂ ಕೇಳುತ್ತಿರಲಿಲ್ಲ.

ಮರುದಿನ ಅಮಾವಾಸ್ಯೆ. ಅಂದು ನೇಕಾರರು ಮಗ್ಗಕ್ಕೆ ಕೈ ಹಚ್ಚುವುದಿಲ್ಲ. ಓಣಿಯೆಲ್ಲ ನಿಶ್ಶಬ್ದವಾಗಿತ್ತು. ಮಗ್ಗದ ಮನೆಯಲ್ಲೇ ಮೇಳದ ತಾಲೀಮೂ ನಡೆಯುತ್ತಿದ್ದುದರಿಂದ ಮಿಕ್ಸರು, ಸ್ಪೀಕರು ಅಲ್ಲೇ ಇದ್ದವು. ಶ್ರೀರಾಮುಲು ಒಬ್ಬನೇ ಕೂತು ಎಲ್ಲವನ್ನೂ ಜೋಡಿಸಿ, ಹೆಂಡತಿಯ ಮೈಕಿಗೆ ಬಾಯಿ ಹಚ್ಚಿ ಸಣ್ಣಗೆ ಗುನುಗಿದ. ಸ್ಪೀಕರು ಸತ್ತಂತಿತ್ತು. ಗಟ್ಟಿಯಾಗಿ ಕೂಗಿದ, ಮನೆಯೆಲ್ಲ ಮೊಳಗಿತು. ಮತ್ತೆ ಗುನುಗಿದ. ಏನೂ ಇಲ್ಲ.

ಇದು ಹೆಂಡತಿಯ ಗಂಟಲಲ್ಲ. ಪಕ್ಕದ ಮನೆಯ ಸ್ರವಂತಿಯನ್ನು ಕರೆಯಲು ಎದ್ದವನು ಹೊಸ್ತಿಲಲ್ಲಿ ನಿಂತ. ಶಂಕರಮ್ಮ ಹಾಡುವುದನ್ನು ಬಿಟ್ಟರೆ ಆ ಜಾಗ ಸಿಗುವುದು ಇವಳಿಗೇ. ಇವಳನ್ನೇ ಕೇಳುವುದು ಹೇಗೆ? ಕೇಳದೆ ಬೇರೆ ದಾರಿಯೂ ಇರಲಿಲ್ಲ.

ಸ್ರವಂತಿ ಬಂದು ತೆರೆ ನೋಡಿದಳು. "ದೊಡ್ಡಪ್ಪ, ಇದು ಗೇಟು. ನೀವ ಹಾಕ್ಸಿದ್ದು. ತಾಲೀಮಿನಾಗ ಮಗ್ಗದ ಸದ್ದು ಮೈಕಿನಾಗ ಬರಬಾರ್ದು ಅಂದಿದ್ರಲ್ಲ? ಸಣ್ಣ ಸದ್ದು ಬಂದ್ರ ಇದು ಮೈಕಿನ ಬಾಯಿ ಮುಚ್ಚತೈತಿ, ದೊಡ್ಡದು ಬಂದ್ರ ತೆಗಿತೈತಿ."

ಶ್ರೀರಾಮುಲು ಹಣೆ ಹಿಡಿದುಕೊಂಡು ಕೂತ. ಗದ್ವಾಲದವರ ಸೀರೆ ಮುಗಿಸಿಕೊಡಬೇಕೆಂದು ತಾಲೀಮಿನ ಹೊತ್ತಿಗೂ ಮಗ್ಗ ನಿಂತಿರಲಿಲ್ಲ. ಆ ಸದ್ದಿನ ಮೇಲೆ ಶಂಕರಮ್ಮ ಪ್ರತಿ ಸಾಲನ್ನೂ ಗಟ್ಟಿಯಾಗಿಯೇ ಹಾಡಿದ್ದಳು. ಮಗ್ಗದ ಸದ್ದೊಂದೂ ಬರುವುದಿಲ್ಲ ನೋಡು ಎಂದು ತಾನು ಹೆಮ್ಮೆಯಿಂದ ಆ ಹದವನ್ನೇ ಮಿಕ್ಸರಿನ ನೆನಪಿಗೆ ಹಾಕಿದ್ದ. ಮಕ್ತಲದಲ್ಲಿ ಆಕೆ ತನ್ನ ಸಹಜ ದನಿಯಲ್ಲಿ ಕೆಳಗಿಳಿದಾಗ ಯಂತ್ರ ಅದನ್ನೂ ಬೇಡದ ಸದ್ದೆಂದೇ ತಿಳಿದಿತ್ತು.

"ತೆಗದುಬಿಡವ್ವ ಅದನ್ನ," ಅಂದ. ಆಮೇಲೆ ತಡೆಯಲಾರದೆ, "ನಿನಗೇನೂ ಬ್ಯಾಸರ ಇಲ್ಲಲ್ಲ?" ಅಂದ.

ಸ್ರವಂತಿ ತೆರೆಯ ಮೂಲೆಯನ್ನು ಮುಟ್ಟಿ, ಮತ್ತೊಂದು ಕಡೆ ಒತ್ತಿದಳು; ಕೆಂಪು ದೀಪ ಆರಿ ಗೇಟು ಹೋಯಿತು. "ದೊಡ್ಡವ್ವನ ಜಾಗದಾಗ ಕುಂದರಾಕ ಕಾಯ್ಕೊಂತ ಕುಂತೀನಿ ಅಂತ ಮಾಡೀರೇನು? ಸಿನಿಮಾ ಹಾಡು ಕೊಡ್ರಿ, ಹಾಡ್ತೀನಿ. ತೊಟ್ಟಿಲ ಪದ ನಾ ಹಾಡಿದ್ರ ಮಲಗಿದ ಕೂಸೂ ಎದ್ದು ಅಳತೈತಿ."

ಶಂಕರಮ್ಮ ಮಾತ್ರ ನಂಬಲಿಲ್ಲ. "ನನ್ನ ಸಮಾಧಾನಕ್ಕ ಹೇಳಾಕತ್ತೀರಿ. ಹೆಂಡ್ತಿ ತಪ್ಪನ್ನ ಮಿಷಿನ್ ಮ್ಯಾಲ ಹಾಕಬ್ಯಾಡ್ರಿ," ಎಂದು, ಮೈಕು ಹಿಡಿದು ನೋಡಲೂ ಒಪ್ಪಲಿಲ್ಲ. ರಾಜಕುಮಾರ ಫೋನಿನಲ್ಲಿ ನಕ್ಕ. "ಆತು ಮಾಮ. ಒಂದು ಪದ ಹಾಡ್ಲಿ. ಅದೂ ಕೆಟ್ಟರ ಮುಂದ ನನಗೇನೂ ಕೇಳಬ್ಯಾಡ್ರಿ."

ಒಂದೇ ಪದ ಅಂದದ್ದಕ್ಕೆ ಶಂಕರಮ್ಮನೂ ಒಪ್ಪಿದಳು. ಹೀಗೆ ಆಕೆಯ ಮುಂದಿನ ದಿನಗಳೆಲ್ಲ ಒಂದು ಪದಕ್ಕೆ ಬಂದು ನಿಂತವು.

ಗದ್ವಾಲದಲ್ಲಿ ವ್ಯಾಪಾರಿ ಗುರುಲಿಂಗನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಕಲ್ಯಾಣಮಂಟಪದ ದೊಡ್ಡ ಹಾಲು. ಬೆಳಗಿನಿಂದಲೇ ಹೆಂಗಸರು ತುಂಬಿದ್ದರು. ಶ್ರೀರಾಮುಲು ಸ್ಪೀಕರಿನ ವೈರು ಕಟ್ಟಲು ಹಾಲಿನ ಹಿಂದಕ್ಕೆ ಹೋಗಿ ಬಂದ. ಬರುವಷ್ಟರಲ್ಲಿ ಮೇಳ ಕೂತಾಗಿತ್ತು, ಶಂಕರಮ್ಮ ಸ್ಟ್ಯಾಂಡಿನ ಮೈಕಿನ ಮುಂದೆ ಕಣ್ಣು ಮುಚ್ಚಿದ್ದಳು. ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು.

ಮೊದಲ ಸಾಲು ಮೇಲೇರಿ ಇಡೀ ಸಭೆಯನ್ನು ತುಂಬಿತು. ಎರಡನೆಯದು ಮೆತ್ತಗೆ ಇಳಿಯಿತು, ಮತ್ತು ಕಡಿದುಹೋಯಿತು.

ವೇದಿಕೆಯ ಕೆಳಗೆ ಮಿಕ್ಸರಿನ ಮುಂದಿದ್ದ ಶ್ರೀರಾಮುಲು ರಾಜಕುಮಾರನತ್ತ ನೋಡಿದ. ಅವನು ಕೀಬೋರ್ಡಿನ ಹಿಂದಿನಿಂದ ಬಗ್ಗಿ, "ನೀವು ಹಿಂದ ಇದ್ರಿ, ಅದಕ್ಕ ನಾನ ಹಳೇ ಸೆಟ್ಟಿಂಗು ಒತ್ತೀನಿ ಮಾಮ," ಅಂದ. ಆಗ ತಿಳಿಯಿತು. ಅಮಾವಾಸ್ಯೆಯ ದಿನ ಗೇಟು ತೆಗೆಸಿದ್ದನೇ ಹೊರತು, ಗೇಟಿಲ್ಲದ ಹದವನ್ನು ಯಂತ್ರದ ನೆನಪಿಗೆ ಹಾಕಿರಲಿಲ್ಲ. ಒಂದೇ ಒತ್ತಿಗೆ ಎಲ್ಲವೂ ಮೊದಲಿನ ಹಾಗೆಯೇ ಮರಳಿತ್ತು.

ಸ್ರವಂತಿ ವೇದಿಕೆಯ ಮೇಲಿದ್ದಳು. ಇಲ್ಲಿ ಓದಿ ಹೇಳುವವರು ಯಾರೂ ಇರಲಿಲ್ಲ. ಆ ದಿನ ಅವಳ ಬೆರಳು ಎಲ್ಲಿಗೆ ಹೋಗಿತ್ತು? ಶ್ರೀರಾಮುಲು ಹೆಂಡತಿಯ ಮೈಕಿನ ಗುಂಡಿ ಒತ್ತಿ ತೆರೆಯ ಮೂಲೆ ಮುಟ್ಟಿದ. ಏರಿಳಿಯುವ ಗೆರೆಗಳ ಚಿತ್ರ ಬಂತು. ಇದಲ್ಲ. ಹಿಂದಕ್ಕೆ ಹೋದ. ಮತ್ತೊಂದು ಕಡೆ ಮುಟ್ಟಿದ, ಇನ್ನೇನೋ ತೆರೆಯಿತು. ಇದೂ ಅಲ್ಲ. ವೇದಿಕೆಯ ಮೇಲೆ ಶಂಕರಮ್ಮ ಹಾಡು ನಿಲ್ಲಿಸಿ ಹಿಂದಕ್ಕೆ ಸರಿದು ಕೂತಳು. ತಬಲಾ ಮಾತ್ರ ದಿಕ್ಕಿಲ್ಲದೆ ನಡೆಯುತ್ತಿತ್ತು.

ತೊಟ್ಟಿಲ ಹಗ್ಗ ಹಿಡಿದಿದ್ದ ಅಜ್ಜಿ ಮಹಾಂತಮ್ಮ ಕೂಗಿ ಕೇಳಿದಳು. "ಯಾಕವ್ವ ನಿಂತಿ? ಕೂಸು ಕಣ್ಣು ಮುಚ್ಚಾಕತ್ತಿತ್ತಲ್ಲ!"

ಮೂರನೆಯ ಸಲಕ್ಕೆ ಆ ಜಾಗ ಸಿಕ್ಕಿತು. ಕೆಂಪು ದೀಪ ಆರಿತು. ಗೇಟು ಹೋಯಿತು. ಆದರೆ ಅದನ್ನು ಹೆಂಡತಿಗೆ ತಿಳಿಸುವುದು ಹೇಗೆ? ರಾಜಕುಮಾರನ ಕಣ್ಣು ಆಗಲೇ ಸ್ರವಂತಿಯ ಕಡೆ ತಿರುಗಿತ್ತು.

ಮಿಕ್ಸರಿನ ಪಕ್ಕದಲ್ಲಿ ವೇದಿಕೆಯವರೊಡನೆ ಮಾತಾಡಲೆಂದು ಸಣ್ಣದೊಂದು ಮೈಕಿತ್ತು. ಶ್ರೀರಾಮುಲು ಅದನ್ನು ಬಾಯಿಗೆ ಹಿಡಿದ. "ಶಂಕ್ರಮ್ಮ, ನಿನ್ನ ದನಿಗೇನೂ ಆಗಿಲ್ಲ. ತಪ್ಪು ನಂದು. ಅಂಜಬ್ಯಾಡ, ಮೆತ್ತಗ ಹಾಡು. ನಾ ಅದೀನಿ."

ಹಳೆಯ ಸೆಟ್ಟಿಂಗಿನಲ್ಲಿ ಆ ಮೈಕೂ ಹಾಲಿನ ಸ್ಪೀಕರಿಗೇ ಸೇರಿತ್ತು. ಗಂಡ ಹೆಂಡತಿಗೆ ಹೇಳಿದ ಮಾತು ಊರಿಗೆಲ್ಲ ಕೇಳಿತು. ಹೆಂಗಸರೆಲ್ಲ ಒಟ್ಟಿಗೆ ನಕ್ಕರು. "ಅಯ್ಯಯ್ಯ, ಎಂಥಾ ಗಂಡನ್ನ ಪಡದೀಯವ್ವ!" ಎಂದು ಮಹಾಂತಮ್ಮ ಹಗ್ಗ ಬಿಟ್ಟು ಚಪ್ಪಾಳೆ ಹೊಡೆದಳು.

ಶಂಕರಮ್ಮ ನಾಚಿಕೆಯಿಂದ ಮುಂದಕ್ಕೆ ಬಗ್ಗಿ, ಸೆರಗಿನ ಮರೆಯಲ್ಲಿ ಪಿಸುಗುಟ್ಟಿದಳು. "ಮಂದಿ ಮುಂದ ಇದೇನ್ರಿ? ಸುಮ್ಕ ಕುಂದರ್ರಿ."

ಆ ಪಿಸುಮಾತು ಹಾಲಿನ ಕೊನೆಯ ಕಂಬದವರೆಗೂ ತಣ್ಣಗೆ, ಸ್ಪಷ್ಟವಾಗಿ ಹೋಯಿತು. ನಗು ಇನ್ನೂ ಜೋರಾಯಿತು. ಶಂಕರಮ್ಮ ನಗಲಿಲ್ಲ. ತನ್ನ ದನಿ ಆಚೆ ಗೋಡೆಗೆ ಹೋಗಿ ತನ್ನ ಕಡೆಗೇ ಬಂದುದನ್ನು ತಲೆ ಓರೆ ಮಾಡಿ ಕೇಳುತ್ತಿದ್ದಳು. ಸೆರಗು ಕೆಳಗಿಳಿಯಿತು. ಅನುಮಾನದಿಂದಲೇ ಸಣ್ಣಗೆ ಒಂದು ಸಲ ಗುನುಗಿದಳು. ಅದೂ ಕೇಳಿತು.

ಪದವನ್ನು ಮೊದಲಿಂದ ಹಿಡಿಯಲಿಲ್ಲ. ಎಲ್ಲಿ ಕಡಿದಿತ್ತೋ ಆ ಕೆಳಗಿನ ಸಾಲಿನಿಂದಲೇ ಎತ್ತಿಕೊಂಡಳು. ಹಾಲಿನಲ್ಲಿ ನಗು ಒಂದೊಂದೇ ಕಡೆ ನಿಂತಿತು. ತೊಟ್ಟಿಲು ತೂಗಿತು. ಶ್ರೀರಾಮುಲು ಎರಡೂ ಕೈಗಳನ್ನು ಮಿಕ್ಸರಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಯಾವುದನ್ನಾದರೂ ಮುಟ್ಟಿಬಿಟ್ಟೇನೆಂಬ ಹೆದರಿಕೆ ಇನ್ನೂ ಹೋಗಿರಲಿಲ್ಲ.

ಪದ ಮುಗಿದಾಗ ರಾಜಕುಮಾರ ಮುಂದಿನ ಹಾಡಿಗೆಂದು ಸ್ರವಂತಿಗೆ ಸನ್ನೆ ಮಾಡಿದ. ಅವಳು ನೋಡಿದರೂ ನೋಡದವಳ ಹಾಗೆ ಕೂತಳು. ಅಷ್ಟರಲ್ಲಿ ಶಂಕರಮ್ಮ ಯಾರನ್ನೂ ಕೇಳದೆ ಇನ್ನೊಂದು ತೊಟ್ಟಿಲ ಪದ ಹಿಡಿದಿದ್ದಳು, ಮೊದಲಿನದಕ್ಕಿಂತ ಕೆಳಗೆ. ರಾಜಕುಮಾರ ಆಕೆಯ ಶ್ರುತಿ ಹುಡುಕಿ ಕೀಬೋರ್ಡಿನ ಮೇಲೆ ಬೆರಳಿಟ್ಟ.