ಮರಿಗೆ ಹೊದೆಸಿದ ಕಂಬಳಿ

ಕನಕರಾಜ ಮೂರನೆಯ ಟ್ರಂಕನ್ನೂ ನೆಲಕ್ಕೆ ಸುರುವಿದ. ಅಣ್ಣನ ಕರಿ ಕಂಬಳಿ ಅದರಲ್ಲೂ ಇರಲಿಲ್ಲ.

ಅಂಗಳದಲ್ಲಿ ಅಣ್ಣ ಭೀಮಶಾನ ಹೆಣಕ್ಕೆ ನೀರೆರೆದು, ಹಣೆಗೆ ಭಂಡಾರದ ಅರಿಶಿನ ಹಚ್ಚಿ ಮಲಗಿಸಿದ್ದರು. ಅವರ ಮನೆತನದಲ್ಲಿ ಕುರಿ ಕಾಯ್ದವನು ಕುಲದೇವರು ಬೀರಪ್ಪನ ಮುಂದೆ ಹೆಗಲಿಗೇರಿಸಿಕೊಂಡ ಕಂಬಳಿಯನ್ನೇ ಹೊದ್ದು ಮಣ್ಣಿಗೆ ಹೋಗಬೇಕು. ಬೇರೆಯದು ನಡೆಯುವುದಿಲ್ಲ.

"ವೈನಿ, ಕಂಬಳಿ ಎಲ್ಲದ? ಗುಂಡಿ ತಯಾರಾಗ್ಯದ."

ಬಂಡಮ್ಮ ಗಂಡನ ತಲೆಯ ಬಳಿಯಿಂದ ಏಳಲಿಲ್ಲ. "ಹುಡುಕಬ್ಯಾಡೋ ಕನಕಾ. ಅದು ಮನ್ಯಾಗಿಲ್ಲ. ವಿಲಾಯತದಾಗ ಅದ."

"ಅಗ ಬಾಯಿ!" ನಿಲಂಗಾದಿಂದ ಬಂದಿದ್ದ ಭೀಮಶಾನ ತಂಗಿ ರಂಭಾಬಾಯಿ ಅಳುವುದನ್ನೇ ಮರೆತಳು. "ಎಂಟು ದಿನ ಹೋಗಿ ಬಂದು ಎಂಟು ವರ್ಷ ಹೇಳ್ಯಾನ. ಹನ್ನೊಂದು ಮನಿ ಊರಂತ, ಹಾದ್ಯಾಗ ನರಪಿಳ್ಳಿ ಇಲ್ಲಂತ, ನಾಯಿ ಸುದ್ದಾ ಬೊಗಳಂಗಿಲ್ಲಂತ. ಇದೊಂದ್ ನುಂಗ್ಯಾನ ನೋಡು!"

ಕನಕರಾಜನಿಗೆ ನಗು ಬರಲಿಲ್ಲ. "ದೇವರ ಕಂಬಳಿ ಮಂದೀಗ ಕೊಟ್ಟು ಬಂದನೇನು? ಈಗ ಏನ್ ಹೊಚ್ಚಿ ಕಳಸಲಿ?"

*

ಎಂಟು ವರ್ಷದ ಹಿಂದೆ ಉಣ್ಣೆ ಸಂಘದವರು ಭೀಮಶಾನೂ ಸೇರಿ ದೇವಣಿ ಕಡೆಯ ನಾಲ್ವರು ಕುರಿಗಾರರನ್ನು ಇಂಗ್ಲೆಂಡಿಗೆ ಕರೆದೊಯ್ದಿದ್ದರು. ಆ ಹನ್ನೊಂದು ಮನೆಯ ಊರಲ್ಲಿ, ಬೆಳಗಿನ ತುಂತುರಿನಲ್ಲಿ, ಕಲ್ಲುಗೋಡೆಯಾಚೆ ಮುದುಕಿಯೊಬ್ಬಳು ಈಯಲಾರದ ಕುರಿಯ ಹಿಂದೆ ಮೊಣಕಾಲೂರಿದ್ದಳು. ಭೀಮಶಾ ಗೋಡೆ ಹತ್ತಿ ಇಳಿದ. ಒಳಗೆ ಮಡಚಿಕೊಂಡಿದ್ದ ಕಾಲನ್ನು ಬೆರಳಲ್ಲೇ ಸರಿಮಾಡಿ ಮರಿಯನ್ನು ಎಳೆದ. ತಣ್ಣಗಿತ್ತು. ಮೂಗು ಒರೆಸಿ, ಊದಿ, ತನ್ನ ಕಂಬಳಿಯಲ್ಲಿ ಸುತ್ತಿ ತಿಕ್ಕಿದ. ಬಹಳ ಹೊತ್ತಿನ ಮೇಲೆ ಒಳಗಿಂದ ಸಣ್ಣ ದನಿ ಬಂತು. ತಾಯಿ ಕುರಿ ಕಂಬಳಿ ಸಮೇತ ನೆಕ್ಕತೊಡಗಿತು.

ಅವರನ್ನು ಕರೆತಂದಿದ್ದ ಗಾಡಿಯವನು ಹಾರ್ನ್ ಹೊಡೆದ. ಕಂಬಳಿ ಬಿಚ್ಚಿಕೊಳ್ಳಲು ಭೀಮಶಾನಿಗೆ ಕೈ ಬರಲಿಲ್ಲ. ಮುದುಕಿ ಮನೆಯೊಳಗೆ ಓಡಿ, ತನ್ನ ಕುರಿಗಳ ಉಣ್ಣೆಯ ಬಿಳಿ ಹೊದಿಕೆ ತಂದು ಅವನ ಹೆಗಲಿಗೆ ಹಾಕಿದಳು.

*

"ಮರೀಗ ಕೊಟ್ಟೀನಿ, ಮಂದೀಗಲ್ಲ ಅಂದಿದ್ದ," ಎಂದಳು ಬಂಡಮ್ಮ. "ನೀವೆಲ್ಲ ಬೈತೀರಂತ ನನಗೊಬ್ಬಾಕಿಗೇ ಹೇಳಿದ್ದ." ಎದ್ದು ಹೋಗಿ, ಜೋಳದ ಚೀಲಗಳ ಹಿಂದಿನಿಂದ ಬಿಳಿ ಹೊದಿಕೆ ತಂದಳು. "ಇದು ನಡೀತದೇನ್ರೀ, ಮುತ್ಯಾ?"

ಬೀರಪ್ಪನ ಮುದಿ ಪೂಜಾರಿ ವೈಜಿನಾಥ ಅದನ್ನು ಹಿಸುಕಿದ, ಮೂಸಿದ. ಎಲ್ಲರೂ ಅವನ ಬಾಯಿ ನೋಡಿದರು.

"ಮರಿ ಉಳೀತೇನವ್ವಾ?"

"ಉಳೀತ್ರೀ."

"ಹಂಗಾದ್ರ ಆ ಕಂಬಳಿ ದೇವರ ಕೆಲಸಕ್ಕೇ ಹೋಗ್ಯದ. ಅದರ ಬದ್ಲಿ ಇದು ಬಂದದ." ಮುಷ್ಟಿ ತುಂಬ ಭಂಡಾರ ತೆಗೆದು ಬಿಳಿ ಉಣ್ಣೆಯ ಮೇಲೆ ತೂರಿದ.

ಗುಂಡಿಯಲ್ಲಿ ಹೊದೆಸಿದಾಗ ಹೊದಿಕೆ ಒಂದು ಮೊಳ ಹೆಚ್ಚೇ ಉದ್ದವಾಯಿತು.

"ಆ ಮುದುಕಿ ಭಾಳ ಎತ್ತರ ಇರಬೇಕು," ಎಂದು ರಂಭಾಬಾಯಿ ಕಣ್ಣೊರೆಸುತ್ತಲೇ ನಕ್ಕಳು.

ಕನಕರಾಜ ಗುಂಡಿಗಿಳಿದ. ಉಳಿದ ಅಂಚನ್ನು ಅಣ್ಣನ ಪಾದಗಳ ಕೆಳಗೆ ಮಡಿಸಿದ. ಗಾಳಿ ಹೋಗದ ಹಾಗೆ ಎರಡೂ ಬದಿ ಒತ್ತಿದ. ಮೇಲಿನವರು ಕೈ ಚಾಚಿ ಕರೆದರೂ ಹತ್ತದೆ, ಇನ್ನೊಮ್ಮೆ ಒತ್ತಿದ.