ಮೀಲ್ ಓಡರಿನ ಇನ್ನೊಂದು ತುದಿ

೧
ಇಂಥ ಬೆಟ್ಟದಿಂದ ಕಥೆ ಶುರು ಮಾಡುವುದಾದರೂ ಹೇಗೆ? ಸ್ಕಾಟ್‌ಲೆಂಡಿನ ಮೀಲ್ ಓಡರ್ ಎರಡು ಸಾವಿರ ಅಡಿಯನ್ನೂ ಸರಿಯಾಗಿ ಮುಟ್ಟಿಲ್ಲ. ಬೆಟ್ಟ ಎಂದರೆ ಅದಕ್ಕೇ ನಾಚಿಕೆ. ಗುಡ್ಡ ಎಂದರೆ ಹತ್ತಿದವರ ಮಂಡಿಗೆ ಸಿಟ್ಟು. (ಮೊದಲ ಕರಡಿನಲ್ಲಿ ಹದ್ದೊಂದನ್ನು ಹಾರಿಸಿದ್ದೆ. ಅಲ್ಲಿರುವುದು ಬರೀ ಕುರಿಗಳು. ಆ ಸಾಲನ್ನು ಹೊಡೆದುಹಾಕಿದೆ.)

ಆದರೂ ಶನಿವಾರ ಬಂತೆಂದರೆ ಬುಡದ ಗೇಟಿನ ಬಳಿ ನಾಲ್ಕೈದು ಕಾರು ನಿಂತಿರುತ್ತವೆ. ಹತ್ತಿಳಿದು ಮಧ್ಯಾಹ್ನದ ಸೂಪಿಗೆ ಮನೆ ಸೇರಬಹುದು. ಅಲ್ಲಿಂದ ದೊಡ್ಡ ಬೆಟ್ಟಗಳೆಲ್ಲ ಕಾಣುತ್ತವೆ. ಅವುಗಳ ಕಣ್ಣಿಗೆ ಇದು ಬೀಳುವುದಿಲ್ಲ. ಇಶ್ಬೆಲ್‌ಗೆ ಇಷ್ಟವಾದದ್ದೂ ಅದೇ.

೨
ಇಶ್ಬೆಲ್ ಮತ್ತು ರೋನಾ ಒಂದೇ ಶಾಲೆಯಲ್ಲಿ ಪಾಠ ಹೇಳಿದವರು. ಹತ್ತಿದ ಬೆಟ್ಟಗಳಿಗೆ ಪೆನ್ಸಿಲ್ ಗುರುತು ಹಾಕುವ ಪಟ್ಟಿಯೂ ಇಬ್ಬರಿಗೂ ಒಂದೇ. ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಯಾವ ತುದಿಯನ್ನೂ ತುಳಿಯಬಾರದೆಂಬುದು ಕರಾರು.

ಮೂವತ್ತೆರಡು ವರ್ಷದ ಹಿಂದೆ, ಇದೇ ಮೀಲ್ ಓಡರಿನ ಮೇಲೆ, ಚಾಚಿದ ಕೈ ಕಾಣದಂಥ ಮಂಜಿನಲ್ಲಿ, ಹತ್ತಿದವರು ತುದಿಯಲ್ಲಿ ಪೇರಿಸುವಂಥ ಕಲ್ಲುಗುಪ್ಪೆಯೊಂದು ಸಿಕ್ಕಿತು. ಇದೇ ತುದಿ ಅಂದಳು ರೋನಾ. ಇಬ್ಬರೂ ಅದರ ಮೇಲೆ ಒಂದೊಂದು ಕಲ್ಲಿಟ್ಟು, ಒದ್ದೆಯಾದ ಸ್ಯಾಂಡ್‌ವಿಚ್ ತಿಂದು, ನಗುತ್ತ ಇಳಿದು, ಪಟ್ಟಿಯಲ್ಲಿ ಗುರುತು ಹಾಕಿದರು.

ಹೋದ ತಿಂಗಳು ಹೊಸ ನಕ್ಷೆ ಬಿಡಿಸಿದಾಗ ಇಶ್ಬೆಲ್‌ಗೆ ತಿಳಿಯಿತು: ನಿಜವಾದ ತುದಿ ಆ ಗುಪ್ಪೆಯಿಂದ ಇನ್ನೂರು ಹೆಜ್ಜೆ ಆಚೆ, ಬೇಲಿಯ ಹಿಂದಿನ ಹುಲ್ಲುದಿಬ್ಬ. ಈಗ ರೋನಾಳ ಎರಡೂ ಮಂಡಿ ಕೈಕೊಟ್ಟಿವೆ.

೩
ಇವತ್ತು ಗೇಟಿನ ಬಳಿ, ಮಡಿಲಲ್ಲಿ ಫ್ಲಾಸ್ಕ್ ಇಟ್ಟುಕೊಂಡು ರೋನಾ ಕಾರಿನಲ್ಲೇ ಕೂತಿದ್ದಾಳೆ.

“ಹೋಗಿ ಬಾರೇ. ನಾನೇನು ಎದ್ದು ಓಡಿಹೋಗಲ್ಲ.”

“ನಿನ್ನ ಬಿಟ್ಟು ಹೆಂಗೆ ತುಳೀಲಿ?”

ರೋನಾ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತಳು.

“ಅವತ್ತು ಮಂಜು ಒಂದು ಗಳಿಗೆ ಸರಿದಾಗ ನಂಗೆ ಬೇಲಿ, ಅದರಾಚೆಯ ದಿಬ್ಬ ಕಾಣಿಸಿತ್ತು ಕಣೇ. ತುದಿ ಅಲ್ಲ ಅಂತ ಗೊತ್ತಿತ್ತು. ಹೊಟ್ಟೇಲಿದ್ದ ಕೂಸು ಕಳಕೊಂಡು ಒಂಬತ್ತು ದಿನ ಆಗಿತ್ತು ನಿಂಗೆ. ಮುಖ ಸುಣ್ಣ ಬಳಿದ ಹಾಗಿತ್ತು. ಇನ್ನೂ ಇದೆ ಅಂದಿದ್ರೆ ನೀನು ನಡೆದೇಬಿಡ್ತಿದ್ದೆ, ಹಟಮಾರಿ.”

(ನನ್ನ ಕರಡಿನಲ್ಲಿ ರೋನಾ ಬರೀ ದಾರಿ ತಪ್ಪಿದ್ದಳು. ಬರೆಯುವವಳಾದ ನನ್ನ ಮುಂದೆಯೂ ಅವಳು ಮೂವತ್ತೆರಡು ವರ್ಷ ಬಾಯಿ ಬಿಟ್ಟಿರಲಿಲ್ಲ.)

೪
ಮುಗಿವು ಒಂದು: ಇಶ್ಬೆಲ್ ಬೇಲಿ ದಾಟಿ, ಇಬ್ಬರ ಹೆಸರಿನಲ್ಲೂ ಕಲ್ಲಿಡುತ್ತಾಳೆ. ಇಶ್ಬೆಲ್ ಒಪ್ಪಲಿಲ್ಲ. ಕಲ್ಲು ಯಾರ ಬದಲಿಗೂ ನಡೆಯುವುದಿಲ್ಲವಂತೆ.

ಮುಗಿವು ಎರಡು: ಗುಪ್ಪೆಯಿಂದಲೇ ಇಳಿದು ಬಂದು, ತುದಿ ಮುಟ್ಟಿದೆ ಎನ್ನುತ್ತಾಳೆ. “ಈಗ ಸುಳ್ಳು ಹೇಳೋ ಸರದಿ ನಂದಾ?” ಎಂದು ನನ್ನನ್ನೇ ಕೇಳಿದಳು.

ಮೂರನೆಯದು ನನ್ನ ಜಾಣತನ: ತುದಿಯನ್ನೇ ಇನ್ನೂರು ಹೆಜ್ಜೆ ಈಚೆಗೆ ಸರಿಸಿಬಿಡಲೇ ಎಂದೆ.

“ಬೆಟ್ಟದ ತಂಟೆಗೆ ಬರಬೇಡಿ,” ಅಂದಳು.

೫
ಈಗ ಅವಳು ಗುಪ್ಪೆಗೆ ಒರಗಿ ಕೂತಿದ್ದಾಳೆ. ಮಂಜಿಲ್ಲ. ಅವತ್ತಿನ ಎರಡು ಕಲ್ಲುಗಳ ಮೇಲೆ ಎಷ್ಟೋ ಜನರ ಕಲ್ಲು ಬಿದ್ದಿವೆ. ಎದುರಿಗೆ ಬೇಲಿ. ಕೆಳಗೆ ಬೆಂಕಿಪೊಟ್ಟಣದಷ್ಟು ಕಾರು. ಅದರ ದೀಪ ಎರಡು ಸಲ ಹತ್ತಿ ಆರಿತು. ‘ಬಾ’ ಎಂದೋ, ‘ಹೋಗು’ ಎಂದೋ? ರೋನಾಳನ್ನು ನಾನು ಕೇಳಲಿಲ್ಲ.

ಇಶ್ಬೆಲ್ ಎದ್ದಳು. ಜಾಕೆಟ್ಟಿನ ಜಿಪ್ ಎಳೆದಳು.

ಯಾವ ಕಡೆ ಮುಖ ಮಾಡಿದಳು ಎಂದು ನೀವು ಕೇಳುತ್ತೀರಿ. ಪಟ್ಟಿಯಲ್ಲಿ ಆ ಪೆನ್ಸಿಲ್ ಗುರುತು ಹಾಗೇ ಇದೆ. ಇಷ್ಟು ಹೊತ್ತು ಮೇಜಿನ ಮೇಲಿದ್ದ ರಬ್ಬರನ್ನು ನಾನು ಡ್ರಾಯರಿನೊಳಗೆ ಹಾಕಿದ್ದೇನೆ.